ಲಂಡನ್ನಿನಲ್ಲಿ ಸಿಗದ ವಕೀಲರು ಮಡಿಕೇರಿಯಲ್ಲಿ ಸಿಗುತ್ತಾರೆ

ಹುತ್ತರಿಗೆ ಊರಿಗೆ ಹೋದ ಹೊರನಾಡಿನವರು ಕೇಳಲೇಬೇಕಾದ ಮಾತೊಂದಿದೆ: "ನಿಮ್ಮ ಇಂಗ್ಲೆಂಡಿನಲ್ಲಾದರೆ ಹೆಂಗಸರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ, ಇಲ್ಲಿ ಕೇಳುವವರು ಯಾರು?" ಹೇಳುವವರು ನೆಂಟರು, ಅದಕ್ಕೇ ನಕ್ಕು ಸುಮ್ಮನಾಗುತ್ತೇವೆ. ಆದರೆ ಆ ಮಾತು ತೀರ ತಲೆಕೆಳಗು.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2013ರ ಏಪ್ರಿಲ್ 1ರಿಂದ ವಿಚ್ಛೇದನ, ಮಕ್ಕಳ ವಾಸ, ಆಸ್ತಿ ಹಂಚಿಕೆಯಂಥ ಗಂಡಹೆಂಡಿರ ವ್ಯಾಜ್ಯಗಳಿಗೆ ಲೀಗಲ್ ಏಡ್, ಅಂದರೆ ಸರ್ಕಾರಿ ಖರ್ಚಿನ ವಕೀಲರ ನೆರವು, ಬಹುಮಟ್ಟಿಗೆ ನಿಂತಿದೆ. ಉಳಿದಿರುವ ಮುಖ್ಯ ದಾರಿ ಕೌಟುಂಬಿಕ ದೌರ್ಜನ್ಯ ಅಥವಾ ಮಗುವಿಗೆ ಅಪಾಯ. ಅದಕ್ಕೂ ಬಾಯಿಮಾತು ಸಾಲದು; ವೈದ್ಯರ ಪತ್ರವೋ ಪೊಲೀಸ್ ದಾಖಲೆಯೋ, ನಿಯಮದ ಪಟ್ಟಿಯಲ್ಲಿರುವ ಒಂದು ಕಾಗದ ಬೇಕು. ಆಮೇಲೆ ದುಡ್ಡಿನ ಲೆಕ್ಕ. ತಿಂಗಳ ಒಟ್ಟು ಆದಾಯ 2,657 ಪೌಂಡ್ ದಾಟಿದರೆ ಸಾಮಾನ್ಯವಾಗಿ ಇಲ್ಲ. ಉಳಿತಾಯ, ಆಸ್ತಿ ಸೇರಿ 8,000 ಪೌಂಡ್ ದಾಟಿದರೂ ಇಲ್ಲ. ಖಾಸಗಿ ವಕೀಲರ ಫೀಸು ಭರಿಸಲಾಗದ ಎಷ್ಟೋ ಹೆಂಗಸರು ತಾವೇ ಅರ್ಜಿ ತುಂಬಿ ತಾವೇ ವಾದಿಸುತ್ತಾರೆ. ನೆರವು ಸಿಕ್ಕಿ, ಗೆದ್ದು ಮನೆಯೋ ಹಣವೋ ಕೈಗೆ ಬಂದರೆ, ವಕೀಲರ ಖರ್ಚನ್ನು ಅದರಿಂದಲೇ ವಸೂಲು ಮಾಡುವುದೂ ಉಂಟು.

ನಮ್ಮಲ್ಲಿ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರ ಪ್ರಕಾರ ಉಚಿತ ವಕೀಲರನ್ನು ಪಡೆಯಲು ಹೆಂಗಸಾಗಿದ್ದರೆ ಸಾಕು, ಆದಾಯದ ಮಿತಿಯೇ ಇಲ್ಲ. ತೋಟದೊಡತಿಗೂ ಸಿದ್ದಾಪುರದ ಲೈನ್ ಮನೆಯ ಕೂಲಿಯವಳಿಗೂ ಒಂದೇ ನಿಯಮ. ಯಾರಾದರೂ ಆದಾಯ ಪ್ರಮಾಣಪತ್ರ ತನ್ನಿ ಎಂದರೆ ಇದೇ ಕಲಂ ತೋರಿಸಬೇಕು. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲೂಕು ನ್ಯಾಯಾಲಯದಲ್ಲಿರುವ ಅದರ ಸಮಿತಿಗೋ ಬಿಳಿಹಾಳೆಯಲ್ಲಿ ಬರೆದುಕೊಟ್ಟರೂ ನಡೆಯುತ್ತದೆ. ಬರೆಯಲು ಬಾರದವರು ಹೇಳಿ ಬರೆಸಬಹುದು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅರ್ಜಿಗೆ 7 ದಿನದೊಳಗೆ ತೀರ್ಮಾನ ಆಗಬೇಕು. ಕೋರ್ಟ್ ಶುಲ್ಕ, ನೋಟಿಸು, ನಕಲಿನ ಖರ್ಚೂ ಇದರಲ್ಲೇ ಬರುತ್ತದೆ.

ಇಷ್ಟೆಲ್ಲ ಇದ್ದೂ ಜನ ಹೋಗುವುದಿಲ್ಲ. ಒಕ್ಕದ (ಕೊಡವ ಮನೆತನದ) ಹಿರಿಯರು ಕೂತು ಸರಿಮಾಡುತ್ತಾರೆ ಎಂದು ವರ್ಷ ಕಳೆಯುತ್ತಾರೆ, ಮಡಿಕೇರಿ ಕೋರ್ಟಿನ ಮೆಟ್ಟಿಲಲ್ಲಿ ಪರಿಚಯದವರು ಕಂಡಾರು ಎಂದು ಇನ್ನೊಂದು ವರ್ಷ. ಜೀವನಾಂಶಕ್ಕೆ ಇದು ದುಬಾರಿ ತಡ. 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕೆಂದಿದೆ. ಹಾಕದ ಅರ್ಜಿಗೆ ದಿನವೆಲ್ಲಿಯದು?

ಕೊಡಗಿನ ಜೀವನಾಂಶದ ಕೇಸು ಕುಂಟುವುದು ಸಾಮಾನ್ಯವಾಗಿ ಆದಾಯದ ಪುರಾವೆಯಲ್ಲಿ. ಆ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ, ಸಾಲ, ವರಮಾನದ ಅಫಿಡವಿಟ್ ಸಲ್ಲಿಸಬೇಕು. ಗಂಡ "ನನ್ನ ಹೆಸರಲ್ಲಿ ಏನೂ ಇಲ್ಲ" ಎಂದು ಬರೆದರೆ ಮೇಲ್ನೋಟಕ್ಕೆ ಅದು ಸುಳ್ಳೂ ಅಲ್ಲ: ಜಮ್ಮಾ, ಅಂದರೆ ಒಕ್ಕದ ವಂಶಪಾರಂಪರ್ಯದ ಜಮೀನಿನ ಪಹಣಿಯಲ್ಲಿ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು, ಕಾಫಿ ಮಾರಿದ ಹಣ ಅಪ್ಪನ ಖಾತೆಗೆ. ಆದ್ದರಿಂದ ವಕೀಲರನ್ನು ಮೊದಲ ಸಲ ಕಾಣುವಾಗಲೇ ಪಹಣಿ, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸಿನ ಬಿಲ್ಲು, ಕರಿಮೆಣಸು ಮಾರಿದ ಚೀಟಿ, ಸಹಕಾರ ಸಂಘದ ಬೆಳೆಸಾಲದ ವಿವರ, ಸಿಕ್ಕಿದ್ದೆಲ್ಲ ಒಯ್ಯಬೇಕು. ಸಿಗದ್ದನ್ನು ಹಾಜರುಪಡಿಸುವಂತೆ ಕೋರ್ಟಿಗೆ ಕೇಳಿಸಬೇಕು, ಜೊತೆಗೇ ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಹಾಕಿಸಬೇಕು.

ಹೊಡೆತ ಬಡಿತವಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯೂ ಆಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ಹೋಗಬೇಕು. ಘಟನಾ ವರದಿ ಬರೆದುಕೊಡುವುದು, ಉಚಿತ ವಕೀಲರನ್ನು ಕೊಡಿಸುವುದು ಅವರ ಕೆಲಸವೇ. ಗಂಡನ ಊರಿಗೇ ಹೋಗಬೇಕಿಲ್ಲ, ತವರುಮನೆಯಲ್ಲಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಒಪ್ಪಿಕೊಳ್ಳಬೇಕಾದ್ದೂ ಇದೆ. ಪ್ರಾಧಿಕಾರ ಕೊಡುವ ನಮ್ಮ ಪ್ಯಾನೆಲ್ ವಕೀಲರಿಗೆ ಸಿಗುವ ಸಂಭಾವನೆ ತೀರ ಕಡಿಮೆ, ಗಮನವೂ ಕೆಲವೊಮ್ಮೆ ಅಷ್ಟಕ್ಕಷ್ಟೇ. ಕಕ್ಷಿದಾರರಿಂದ ಅವರು ದುಡ್ಡು ಕೇಳುವಂತಿಲ್ಲ. ಕೇಳಿದರೆ, ವಾಯಿದೆಗೆ ಬಾರದಿದ್ದರೆ, ಬೇರೆಯವರನ್ನು ಕೊಡಿ ಎಂದು ಪ್ರಾಧಿಕಾರಕ್ಕೆ ಬರೆದುಕೊಡಬಹುದು. ಅರ್ಜಿ ಇತ್ಯರ್ಥಕ್ಕೆ 2005ರ ಕಾಯ್ದೆ ಹೇಳುವ 60 ದಿನದ ಗಡುವನ್ನು ನಂಬಿ ಕೂರುವುದೂ ಬೇಡ. ಗಂಡಸರಿಗಂತೂ ಸಾಮಾನ್ಯವಾಗಿ ಆದಾಯದ ಮಿತಿ ಇದ್ದೇ ಇದೆ.

ಇಂಗ್ಲೆಂಡಿನಲ್ಲಿ ಹೊಡೆಯುವವನಿಂದ ರಕ್ಷಣೆಯ ಆದೇಶ ಕೋರುವವರಿಗೆ ಆ ಆದಾಯದ ಮಿತಿಯನ್ನು ಸಡಿಲಿಸಬಹುದು, ಅರ್ಜಿಗೆ ಕೋರ್ಟ್ ಶುಲ್ಕವೂ ಇಲ್ಲ. 2022ರ ಜುಲೈ 21ರಿಂದೀಚೆ ಶುರುವಾದ ಕೌಟುಂಬಿಕ ಕೇಸುಗಳಲ್ಲಿ, ದೌರ್ಜನ್ಯದ ಶಿಕ್ಷೆಯೋ ಆರೋಪವೋ ರಕ್ಷಣಾದೇಶವೋ ಇರುವವನು ತಾನೇ ನಿಂತು ಹೆಂಡತಿಗೆ ಪಾಟೀಸವಾಲು ಹಾಕುವಂತಿಲ್ಲ; ಅಗತ್ಯ ಬಿದ್ದರೆ ಕೋರ್ಟೇ ಅದಕ್ಕೊಬ್ಬ ವಕೀಲರನ್ನು ನೇಮಿಸುತ್ತದೆ, ಖರ್ಚು ಸರ್ಕಾರದ್ದು. ಇದೊಂದು ಮಡಿಕೇರಿಗೂ ಬರಲಿ, ನನ್ನ ತಕರಾರಿಲ್ಲ.