ಸುಸ್ಥಿರ ಕೃಷಿ ಕಲಿಸಿದರೆ ಜಗದ ಹಸಿವು ತಗ್ಗೀತೇ?

ಪರ: ಕಲಿಸಬೇಕಾದ್ದು ಗದ್ದೆಯಲ್ಲಿ

ಜಗತ್ತಿನಲ್ಲಿ ಹಸಿದವರ ದೊಡ್ಡ ಪಾಲು ಇರುವುದು ಹಳ್ಳಿಗಳಲ್ಲಿ. ಅವರಲ್ಲಿ ಬಹಳ ಮಂದಿ ತಾವೇ ಉತ್ತು ಬಿತ್ತುವವರು. ಬೆಳೆಯುವವರೇ ಅರೆಹೊಟ್ಟೆಯಲ್ಲಿದ್ದಾರೆಂದರೆ ಎಡವಿದ್ದು ಹೊಲದಲ್ಲೇ. ಗೊಬ್ಬರದ ಚೀಲ ಇಳಿಸಿ ಕೈತೊಳೆದುಕೊಳ್ಳುವವರಿಗೆ ಇದು ಕಾಣುವುದಿಲ್ಲ. ಚೀಲ ಒಂದು ಹಂಗಾಮಿಗೆ ಖಾಲಿ, ಮುಂದಿನ ಹಂಗಾಮಿಗೆ ಮತ್ತೆ ಕೈಚಾಚಬೇಕು.

ಇಂಡೊನೇಷ್ಯಾದ ಭತ್ತದ ಗದ್ದೆಗಳನ್ನು ನೋಡಿ. ಅಲ್ಲಿ ಔಷಧ ಹೊಡೆದಷ್ಟೂ ಭತ್ತದ ರಸ ಹೀರುವ ಕಂದು ಜಿಗಿಹುಳು ಹೆಚ್ಚಾಯಿತು. ಹುಳು ಮೊಟ್ಟೆಯಿಡುವುದು ಎಲೆಕವಚದ ಒಳಗೆ, ಅಲ್ಲಿಗೆ ಔಷಧ ಮುಟ್ಟದು. ಸಾಯುವುದು ಹುಳುವನ್ನು ತಿನ್ನುತ್ತ ಹೊರಗೆ ಓಡಾಡುವ ಜೇಡ. 1986ರಲ್ಲಿ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಕ್ಷೇತ್ರ ಪಾಠಶಾಲೆ ಶುರುವಾಯಿತು. 25-30 ರೈತರು, ವಾರಕ್ಕೆ ಅರ್ಧ ದಿನ, ನಾಟಿಯಿಂದ ಕೊಯ್ಲಿನವರೆಗೆ. ಐದೈದು ಜನರ ಗುಂಪು ಗದ್ದೆಯ ಮೂಲೆಯಿಂದ ಮೂಲೆಗೆ ನಡೆಯುತ್ತ ಹತ್ತು ಬುಡ ಬಗ್ಗಿ ನೋಡುತ್ತದೆ: ತೆಂಡೆ (ಬುಡದಿಂದ ಒಡೆದ ಕವಲು) ಎಷ್ಟು, ಹುಳು ಎಷ್ಟು, ಜೇಡ ಎಷ್ಟು, ನೀರು ಎಷ್ಟು ಬೆರಳು. ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಬಿಡಿಸಿ, ಔಷಧ ಬೇಕೋ ಬೇಡವೋ ಎಂದು ಅವರವರೇ ಜಗಳಾಡಿ ತೀರ್ಮಾನಿಸಬೇಕು. ಪಕ್ಕದಲ್ಲೊಂದು ಪಾರದರ್ಶಕ ಡಬ್ಬಿ. ಒಳಗೆ ಭತ್ತದ ಬುಡ, ಹತ್ತು ಜಿಗಿಹುಳು, ಒಂದು ಜೇಡ. ಬಾಯಿಗೆ ತೆಳು ಬಟ್ಟೆ. ಮರುದಿನ ಉಳಿದ ಹುಳು ಎಣಿಸಿದವನಿಗೆ ಔಷಧ ಮಾರುವವನ ಮಾತು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಕೆಡುವುದು ಅರ್ಧ ಪಾಠದಿಂದ. ಮಡಗಾಸ್ಕರ್‌ನಲ್ಲಿ ಪಾದ್ರಿ ಹೆನ್ರಿ ಡಿ ಲೌಲಾನಿ 1980ರ ದಶಕದಲ್ಲಿ ರೂಪಿಸಿದ, ಕಡಿಮೆ ಸಸಿ, ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ಶ್ರೀ (ಎಸ್‌ಆರ್‌ಐ) ಪದ್ಧತಿಯನ್ನೇ ತೆಗೆದುಕೊಳ್ಳಿ. 8-12 ದಿನದ ಎರಡೆಲೆಯ ಸಸಿಯನ್ನು ಕಾಳು, ಮಣ್ಣು ಸಮೇತ ಎತ್ತಿ, ಅರ್ಧ ಗಂಟೆಯೊಳಗೆ 25 ಸೆಂ.ಮೀ. ಅಂತರದಲ್ಲಿ ಒಂದೊಂದೇ ನೆಡಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಬೇರಿನ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಅದು ಮತ್ತೆ ಕೆಳಮುಖವಾಗುವಷ್ಟರಲ್ಲಿ ಬೆಳೆಯುವ ದಿನಗಳು ಕಳೆದಿರುತ್ತವೆ. ಹಾಗಾಗಿ ಒಂದೆರಡು ಸೆಂ.ಮೀ. ಆಳಕ್ಕೆ ಅಡ್ಡ ಜಾರಿಸಬೇಕು. ಗದ್ದೆ ಮಟ್ಟವಿಲ್ಲದಿದ್ದರೆ ತಗ್ಗಿನಲ್ಲಿ ನೀರು ನಿಂತು ಎಳೆಸಸಿ ಕೊಳೆಯುತ್ತದೆ. ಸದಾ ನೀರು ನಿಲ್ಲಿಸುವುದಿಲ್ಲವಾದ್ದರಿಂದ ಕಳೆ ಬಂದೇ ಬರುತ್ತದೆ; ನಾಟಿಯಾದ ಹತ್ತು-ಹನ್ನೆರಡನೇ ದಿನದಿಂದ ಶುರುಮಾಡಿ ಹತ್ತು ದಿನಕ್ಕೊಮ್ಮೆ, ಮೂರ್ನಾಲ್ಕು ಸಲ ಕಳೆಯಂತ್ರ ಓಡಿಸಲೇಬೇಕು. ನಾಟಿಯ ದಿನ ಬಂದು ಫೋಟೊ ತೆಗೆಸಿಕೊಂಡು ಹೋಗುವ ತರಬೇತುದಾರ ಈ ಕೊನೆಯ ಭಾಗ ಹೇಳಿರುವುದಿಲ್ಲ. ತಿಂಗಳಲ್ಲಿ ಗದ್ದೆಯೆಲ್ಲ ಹುಲ್ಲು. ಹೆಸರು ಕೆಡುವುದು ಮಾತ್ರ ಪದ್ಧತಿಯದು.

ಬುರ್ಕಿನಾ ಫಾಸೋದಲ್ಲಿ ರೈತ ಯಾಕೂಬಾ ಸವಾಡೊಗೊ ಅಲ್ಲಿನವರು ‘ಜೈ’ ಎನ್ನುವ ಹಳೆಯ ಬಿತ್ತನೆ ಗುಂಡಿಗಳನ್ನು ಸುಧಾರಿಸಿ ಗಟ್ಟಿಬಿದ್ದ ಬರಡು ನೆಲವನ್ನೇ ಎಬ್ಬಿಸಿದರು. ಒಣಗಾಲದಲ್ಲೇ ಗುಂಡಿ ತೋಡಿ, ಮಣ್ಣನ್ನು ಇಳಿಜಾರಿನ ಕೆಳಬದಿಗೆ ದಂಡೆ ಹಾಕಿ, ಎರಡು ಹಿಡಿ ಗೊಬ್ಬರ ಹಾಕಿಟ್ಟರೆ ಮೊದಲ ಮಳೆ ಅಲ್ಲೇ ನಿಲ್ಲುತ್ತದೆ. ಗೊಬ್ಬರ ಹುಡುಕಿ ಬರುವ ಗೆದ್ದಲು ನೆಲ ಕೊರೆದು ನೀರಿಗೆ ದಾರಿ ಮಾಡುತ್ತದೆ.

ರಾಸಾಯನಿಕ ಬಿಟ್ಟು ಶ್ರೀಲಂಕಾ ಬೆಳೆ ಕಳೆದುಕೊಳ್ಳಲಿಲ್ಲವೇ ಎನ್ನುವವರಿಗೆ ಒಂದೇ ಮಾತು. ರಾಸಾಯನಿಕ ಗೊಬ್ಬರ ನಿಲ್ಲಿಸುವ ಆದೇಶ ಬಂದದ್ದು 2021ರ ವಸಂತದಲ್ಲಿ, ಹಿಂದಕ್ಕೆ ಹೋದದ್ದು ಅದೇ ನವೆಂಬರ್‌ನಲ್ಲಿ. ಅಷ್ಟರಲ್ಲಿ ರೈತ ಕಲಿಯುವುದಾದರೂ ಏನನ್ನು? ಅದು ಆದೇಶದ ಸೋಲು, ಪಾಠದ್ದಲ್ಲ.

ವಿರೋಧ: ಪಾಠ ಸರಿ, ಸಾರಜನಕ ಎಲ್ಲಿದೆ?

ಕಲಿಸಬೇಡಿ ಎನ್ನಲು ನನಗೂ ನಾಲಿಗೆ ಹೊರಳದು. ಆದರೆ ಈ ಬದಿಯ ಕುರ್ಚಿ ನನಗೆ ಸಿಕ್ಕಿದೆ, ಲೆಕ್ಕವನ್ನಾದರೂ ಮುಂದಿಡುತ್ತೇನೆ. ಡಬ್ಬಿಯೊಳಗಿನ ಜೇಡ ನೋಡಿ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಹೆಕ್ಟೇರಿಗೆ ಐದು ಟನ್ ಮುಸುಕಿನ ಜೋಳ ಬರಬೇಕಾದರೆ ಗಿಡಗಳಿಗೆ ಹೆಚ್ಚುಕಡಿಮೆ 100 ಕೆ.ಜಿ. ಸಾರಜನಕ ಬೇಕು. ಯೂರಿಯಾದಲ್ಲಿರುವುದು ಶೇ 46. ಅಂದರೆ 217 ಕೆ.ಜಿ., 50 ಕೆ.ಜಿ.ಯ ನಾಲ್ಕೂವರೆ ಚೀಲದೊಳಗೆ ಮುಗಿಯಿತು. ಹಸಿ ಕೊಟ್ಟಿಗೆ ಗೊಬ್ಬರದಲ್ಲಿ ಶೇ 0.5 ಇದ್ದರೆ ಅದೇ 100 ಕೆ.ಜಿ.ಗೆ 20 ಟನ್ ಹೊರಬೇಕು. ಅದೂ ಮೊದಲ ಬೆಳೆಗೆ ಪೂರ್ತಿ ಸಿಗುವುದಿಲ್ಲ, ಬಹುಪಾಲು ಮಣ್ಣಿನಲ್ಲಿ ನಿಧಾನಕ್ಕೆ ಕರಗುತ್ತದೆ. ದ್ವಿದಳ ಬೆಳೆ ಹಾಕಿ ಎನ್ನುತ್ತೀರಿ. ಹಾಕಬಹುದು, ಆದರೆ ಕಾಳು ಕೊಯ್ದಾಗ ಅದು ಗಾಳಿಯಿಂದ ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿನ ಜೊತೆಗೇ ಹೋಗುತ್ತದೆ. ಹಸಿರೆಲೆ ಗೊಬ್ಬರವೆಂದು ಉತ್ತುಬಿಟ್ಟರೆ ಆ ಆರೇಳು ವಾರ ಹೊಲ ಊಟ ಕೊಡುವುದಿಲ್ಲ. ಅಂಗೈಯಗಲದ ಹೊಲದವನು ಏನು ಮಾಡಬೇಕು? ರಂಜಕವಂತೂ ಗಾಳಿಯಿಂದ ಇಳಿಯುವುದಿಲ್ಲ. ಮಣ್ಣಿನಲ್ಲಿ ಇಲ್ಲವೆಂದರೆ ಹೊರಗಿಂದ ತರಲೇಬೇಕು.

ಆ ಹೊಗಳಿದ ಗುಂಡಿಗಳನ್ನೂ ಎಣಿಸೋಣ. 80 ಸೆಂ.ಮೀ. ಅಂತರವಿಟ್ಟರೆ ಹೆಕ್ಟೇರಿಗೆ 15,625 ಗುಂಡಿ. ಗಟ್ಟಿನೆಲದಲ್ಲಿ ಒಂದಕ್ಕೆ ಎರಡೇ ನಿಮಿಷವೆಂದರೂ 520 ಗಂಟೆ, ಬಿರುಬಿಸಿಲಿನಲ್ಲಿ. ಗುಂಡಿಗೆ 300 ಗ್ರಾಂ ಗೊಬ್ಬರವೆಂದರೆ 4.7 ಟನ್. ದನವಿಲ್ಲದ ಮನೆಗೆ ಈ ಪಾಠ ಕಾಗದದ ಮೇಲಿನ ಊಟ.

ಇನ್ನು ಹಸಿವಿನ ವಿಷಯ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು. ಇವರೆಲ್ಲರಿಗೂ ಹೊಲವಿಲ್ಲ. ಯುದ್ಧದಿಂದ ಊರು ಬಿಟ್ಟವರಿಗೆ, ಪೇಟೆಯ ಕೂಲಿಯವರಿಗೆ ಎಷ್ಟು ಸೆಂ.ಮೀ. ಅಂತರ ಕಲಿಸುತ್ತೀರಿ? 1943ರ ಬಂಗಾಳದ ಕ್ಷಾಮವನ್ನು ಅಭ್ಯಾಸ ಮಾಡಿದ ಅಮರ್ತ್ಯ ಸೇನ್ ತೋರಿಸಿಕೊಟ್ಟದ್ದು ಇದನ್ನೇ: ಅಕ್ಕಿಯ ಬೆಲೆ ಏರಿದ ವೇಗಕ್ಕೆ ಕೂಲಿ ಏರಲಿಲ್ಲ, ಕೊಳ್ಳಲಾಗದವರು ಸತ್ತರು.

ಪಾಠಶಾಲೆಗೆ ಬರುವವರು ಯಾರು ಎಂಬುದನ್ನೂ ಕೇಳಬೇಕು. ಹಿಂದಿನ ಬೆಳೆಯ ಕಾಳು ಮುಗಿದು ಹೊಸದು ಕೈಗೆ ಬರುವ ಮುಂಚಿನ ವಾರಗಳಲ್ಲಿ ತೀರಾ ಬಡವರು ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳುತ್ತಿರುತ್ತಾರೆ. ಪಾಠ ನಡೆಯುವುದೂ ಅದೇ ವಾರಗಳಲ್ಲಿ. ವಾರಕ್ಕೆ ಅರ್ಧ ದಿನದಂತೆ ಹದಿನಾಲ್ಕು ವಾರವೆಂದರೆ ಏಳು ದಿನದ ಕೂಲಿ. ಅದನ್ನು ಯಾರು ತುಂಬಿಕೊಡುತ್ತಾರೆಂದು ಪಾಠ ಶುರುವಾಗುವ ಮೊದಲೇ ಹೇಳಲಿ.