ಜಾತ್ರೆಯ ಕಾಲ, ಬಜೆಟ್ಟಿನ ಕಾಲ: ಶಾಸಕರು ಎಲ್ಲಿರಬೇಕು?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಶಾಸಕರ ಕಾರಿಗೆ ಬಿಡುವಿಲ್ಲ. ರಥೋತ್ಸವ, ಗುದ್ದಲಿ ಪೂಜೆ, ಸಾಮೂಹಿಕ ವಿವಾಹ, ಶಾಲಾ ವಾರ್ಷಿಕೋತ್ಸವ, ಕಬಡ್ಡಿ ಪಂದ್ಯಾವಳಿ, ಸಂಜೆ ಇಫ್ತಾರ್ ಕೂಟ. ರಾತ್ರಿಯೊಳಗೆ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವುಗಳ ಫೋಟೊ, ಕೆಳಗೆ ‘ಜನಪ್ರಿಯ ಶಾಸಕರು’ ಎಂಬ ಒಕ್ಕಣೆ. ಇದೇ ಹೊತ್ತಿಗೆ ವಿಧಾನಸೌಧದಲ್ಲಿ ಬಜೆಟ್ ಅಧಿವೇಶನವೂ ನಡೆಯುತ್ತಿರುತ್ತದೆ. ಫಾಲ್ಗುಣ, ಚೈತ್ರದಲ್ಲಿ ಶಾಸಕರು ಹೀಗೆ ಊರೂರು ತಿರುಗುವುದು ಜನಪ್ರತಿನಿಧಿಯ ಕೆಲಸವೇ? ಎರಡೂ ಕಡೆಯ ವಾದವನ್ನು ಇಲ್ಲಿ ಇಟ್ಟಿದ್ದೇನೆ. ನನ್ನ ಒಲವು ಯಾವ ಕಡೆಗೆಂದು ಓದುವವರಿಗೆ ಗೊತ್ತಾಗಿಯೇ ಆಗುತ್ತದೆ, ಮುಚ್ಚಿಡುವಂಥದ್ದೇನಿಲ್ಲ.

ಪರ: ಜಾತ್ರೆಯಲ್ಲಿ ಸಿಗದಿದ್ದರೆ ಇನ್ನೆಲ್ಲಿ ಸಿಕ್ಕಾರು?

ನಮ್ಮ ವಿಧಾನಸಭೆಗೆ 224 ಕ್ಷೇತ್ರಗಳು. 2011ರ ಜನಗಣತಿಯ 6.11 ಕೋಟಿ ಜನರನ್ನು ಅಷ್ಟು ಪಾಲು ಮಾಡಿದರೆ ಒಬ್ಬೊಬ್ಬ ಶಾಸಕರ ಲೆಕ್ಕಕ್ಕೆ ಎರಡೂಮುಕ್ಕಾಲು ಲಕ್ಷದ ಹತ್ತಿರ ಬರುತ್ತದೆ. ಹಳ್ಳಿಗಾಡಿನ ಕ್ಷೇತ್ರವಾದರೆ ಮೂವತ್ತರ ಆಸುಪಾಸು ಗ್ರಾಮ ಪಂಚಾಯಿತಿಗಳು, ಅವುಗಳೊಳಗೆ ಹಟ್ಟಿ, ತಾಂಡಾ, ಮಜರೆಗಳು. ಇಷ್ಟು ಜನ ತಮ್ಮ ಶಾಸಕರನ್ನು ಕಾಣುವುದೆಲ್ಲಿ? ಬೀದರ್ ಜಿಲ್ಲೆಯ ಔರಾದಿನವರು ಬೆಂಗಳೂರಿನ ಶಾಸಕರ ಭವನಕ್ಕೆ ಬರಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ತಾಲ್ಲೂಕು ಕೇಂದ್ರದ ಕಚೇರಿಗೆ ಹೋದರೆ ಬಾಗಿಲಲ್ಲಿ ಪಿ.ಎ., ಒಳಗೆ ಗುತ್ತಿಗೆದಾರರ ಸಾಲು.

ಜಾತ್ರೆಯಲ್ಲಿ ಆ ಬಾಗಿಲಿಲ್ಲ. ಉತ್ತರ ಕರ್ನಾಟಕದ ಯಾವ ತೇರಿಗೆ ಹೋದರೂ ಈ ನೋಟ ಕಾಣುತ್ತದೆ. ಶಾಮಿಯಾನದಡಿ ಪ್ರಸಾದಕ್ಕೆ ಕೂತ ಶಾಸಕರ ಹತ್ತಿರ ಒಬ್ಬ ಅಜ್ಜಿ ಜನರನ್ನು ಸರಿಸಿಕೊಂಡು ಬರುತ್ತಾಳೆ. ಗನ್‌ಮ್ಯಾನ್ ಕೈ ಅಡ್ಡ ಹಿಡಿದರೆ ಶಾಸಕರೇ, “ಏ ಬಿಡೋ, ಬರ್ಲಿ ಆಕಿ” ಅನ್ನುತ್ತಾರೆ.

“ಯಪ್ಪಾ, ಪಗಾರ ಬಂದಿಲ್ಲೋ ನಾಕ್ ತಿಂಗ್ಳಾತು.”

“ಯವ್ವಾ, ಆಧಾರ್ ಕೊಟ್ಟೀಯೇನು ಬ್ಯಾಂಕಿಗೆ?”

“ಕೊಟ್ಟೀನಂತ ಮೊಮ್ಮಗ ಹೇಳ್ತಾನ, ಬ್ಯಾಂಕಿನ್ಯಾವ್ರು ಇಲ್ಲಂತಾರ.”

ಅಲ್ಲಿಂದಲೇ ತಹಶೀಲ್ದಾರರಿಗೆ ಫೋನು ಹೋಗುತ್ತದೆ, ಸ್ಪೀಕರ್ ಹಾಕಿ. ಪಗಾರವೆಂದರೆ ವೃದ್ಧಾಪ್ಯ ವೇತನ. ಆಧಾರ್ ಜೋಡಣೆಯ ಒಂದು ತೊಡಕಿಗೆ ನಿಂತುಹೋದ ಹಣ ಹೀಗಾದರೂ ಬಂದರೆ ಆ ಅಜ್ಜಿಗೆ ಔಷಧಿಯ ಖರ್ಚು ಹುಟ್ಟುತ್ತದೆ. ಇದನ್ನು ‘ಪ್ರದರ್ಶನ’ ಎಂದು ಮೂಗು ಮುರಿಯುವವರಲ್ಲಿ ಹೆಚ್ಚಿನವರಿಗೆ ಇಂಥ ವೇತನ ನೆಚ್ಚಿ ಬದುಕುವ ಪಾಡಿಲ್ಲ.

ಇನ್ನು ನೀರು. ಕರ್ನಾಟಕದ ವಸಂತವೆಂದರೆ ಮಾವಿನ ಚಿಗುರಿಗಿಂತ ಮೊದಲು ಖಾಲಿ ಕೊಡ. 2023ರ ಮುಂಗಾರು ಕೈಕೊಟ್ಟಾಗ ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತ್ತು. ಬೇಸಿಗೆಯ ಕುಡಿಯುವ ನೀರಿಗಾಗಿ ತಾಲ್ಲೂಕು ಮಟ್ಟದಲ್ಲಿ ಇರುವ ಟಾಸ್ಕ್‌ಫೋರ್ಸ್‌ಗೆ ಶಾಸಕರೇ ಅಧ್ಯಕ್ಷರು. ಯಾವ ಊರಿಗೆ ಟ್ಯಾಂಕರ್, ಎಲ್ಲಿ ಹೊಸ ಬೋರ್‌ವೆಲ್, ಯಾರ ತೋಟದ ಕೊಳವೆಬಾವಿಯನ್ನು ಬಾಡಿಗೆಗೆ ಪಡೆಯಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನ. ಅಧಿಕಾರಿಗಳ ಪಟ್ಟಿಯಲ್ಲಿ ‘ನಲ್ಲಿ ಸಂಪರ್ಕ ಕಲ್ಪಿಸಲಾಗಿದೆ’ ಎಂದಿರುತ್ತದೆ. ನಲ್ಲಿಯಲ್ಲಿ ಗಾಳಿ ಬರುತ್ತದೋ ನೀರು ಬರುತ್ತದೋ ಎಂದು ತಿಳಿಯಲು ಆ ಕೇರಿಗೇ ಹೋಗಬೇಕು. ಎರಡು ಸಾವಿರ ಜನರ ಊರಿಗೆ ತೇರಿನ ದಿನ ಐವತ್ತು ಸಾವಿರ ಜನ ಬಂದಿಳಿದಾಗಂತೂ ನೀರು, ಶೌಚಾಲಯ, ಹೆಚ್ಚುವರಿ ಬಸ್ಸು, ಕರೆಂಟು ಎಲ್ಲದರ ಬಂಡವಾಳ ಒಂದೇ ದಿನದಲ್ಲಿ ಬಯಲಾಗುತ್ತದೆ. ಜಾತ್ರೆಯ ಪೂರ್ವಭಾವಿ ಸಭೆಗೆ ಶಾಸಕರು ಬಂದು ಕೂತರೆ ಎಂಜಿನಿಯರ್, ಡಿಪೊ ಮ್ಯಾನೇಜರ್, ಸಬ್ ಇನ್‌ಸ್ಪೆಕ್ಟರ್ ಒಂದೇ ಕಡೆ ಸಿಗುತ್ತಾರೆ. ಬಾರದಿದ್ದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಮಾತೊಂದಿದೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು. ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಸದಸ್ಯರೇ ಇಲ್ಲ. ಗ್ರಾಮ ಪಂಚಾಯಿತಿಗಿಂತ ಮೇಲಿನ ಹಂತದಲ್ಲಿ ಜನ ನೇರವಾಗಿ ಹೋಗಿ ಕೇಳಬಹುದಾದ ಚುನಾಯಿತ ವ್ಯಕ್ತಿ ಶಾಸಕರೊಬ್ಬರೇ. ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್ ಹುಕುಂ ಸಮಿತಿ, ಮನೆ-ನಿವೇಶನದ ಆಶ್ರಯ ಸಮಿತಿ, ಅಭಿವೃದ್ಧಿ ಕೆಲಸಗಳ ಪರಿಶೀಲನೆಯ ತ್ರೈಮಾಸಿಕ ಕೆಡಿಪಿ ಸಭೆ, ಎಲ್ಲದಕ್ಕೂ ಅವರೇ ಅಧ್ಯಕ್ಷರು. ಇಷ್ಟೆಲ್ಲ ಅವರ ತಲೆಗೆ ಕಟ್ಟಿದ ಮೇಲೆ ಬೆಂಗಳೂರಲ್ಲೇ ಇರಿ ಎಂದರೆ ಹಳ್ಳಿಯವರು ಯಾರ ಮುಖ ನೋಡಬೇಕು?

ಸುದ್ದಿಯ ಮಾತೂ ಅಷ್ಟೇ. ಅರ್ಜಿಯ ಕೊನೇ ದಿನ, ಪಿಂಚಣಿ ಅದಾಲತ್ತಿನ ದಿನಾಂಕ, ಕಾಲುವೆಗೆ ನೀರು ಬಿಡುವ ದಿನ ಇವೆಲ್ಲ ಊರಿಗೆ ತಲುಪುವುದು ಸರ್ಕಾರಿ ಸುತ್ತೋಲೆಯಿಂದಲ್ಲ. ಶಾಸಕರು ವೇದಿಕೆಯಲ್ಲಿ ಹೇಳಿದ್ದು, ಅವರ ಪೇಜಿನಲ್ಲಿ ಬಂದದ್ದು ಮರುದಿನ ಚಹಾದಂಗಡಿಯ ಮಾತಾಗುತ್ತದೆ. ಫೋಟೊ ಹೆಚ್ಚಿರಬಹುದು, ಇರಲಿ ಬಿಡಿ.

ವಿರೋಧ: ಒಬ್ಬ ಅಜ್ಜಿಗೆ ಫೋನು, ಉಳಿದವರಿಗೆ ಏನು?

ತಹಶೀಲ್ದಾರರಿಗೆ ಫೋನು ಮಾಡಲು ಶಾಸಕರೇ ಬೇಕಿಲ್ಲ. ಊರಿನ ಮೇಷ್ಟರು ಮಾಡಬಹುದು, ಪಂಚಾಯಿತಿ ಅಧ್ಯಕ್ಷೆ ಮಾಡಬಹುದು. ಆದರೆ ರಾಜ್ಯದ ಬಜೆಟ್ ಮೇಲೆ ಎದ್ದುನಿಂತು ಕೇಳುವ ಹಕ್ಕು ಮೇಷ್ಟರಿಗಿಲ್ಲ. 2025ರ ಮಾರ್ಚ್ 7ರಂದು ಮಂಡನೆಯಾದ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅಧಿವೇಶನ ನಡೆದದ್ದು ಮಾರ್ಚ್ 3ರಿಂದ 21ರವರೆಗೆ, ರಜೆಗಳನ್ನೂ ಸೇರಿಸಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲಿ ನಮ್ಮ ಶಾಸಕರೇ ಕಾಯ್ದೆ ಮಾಡಿಕೊಂಡರು. ಅಷ್ಟು ದಿನ ನಡೆದ ವರ್ಷಗಳು ಅಪರೂಪ.

ನಡೆದ ದಿನಗಳಲ್ಲಾದರೂ ಕೂತಿರುತ್ತಾರೆಯೇ? ಅದೇ 2025ರ ಅಧಿವೇಶನಕ್ಕೆ ಸ್ಪೀಕರ್ ಯು.ಟಿ. ಖಾದರ್ ಅವರು ಒರಗುಕುರ್ಚಿಗಳನ್ನು ಬಾಡಿಗೆಗೆ ತರಿಸಿದರು. ಊಟಕ್ಕೆಂದು ಹೊರಹೋದ ಶಾಸಕರು ಮಧ್ಯಾಹ್ನದ ಕಲಾಪಕ್ಕೆ ಮರಳುವುದಿಲ್ಲ, ಅಲ್ಲೇ ಸ್ವಲ್ಪ ಅಡ್ಡಾಗಲು ಜಾಗವಿದ್ದರೆ ಉಳಿದಾರು ಎಂಬ ಲೆಕ್ಕಾಚಾರ. ರಾಜ್ಯವೆಲ್ಲ ನಕ್ಕಿತು. ನನಗೆ ಮಾತ್ರ ಸ್ಪೀಕರ್ ಮೇಲೆ ಕನಿಕರವೇ ಹುಟ್ಟಿತು. ಅಧಿವೇಶನದ ಕೊನೆಯ ದಿನ ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾಯಿತು. ಅದೇ ದಿನ ಬಿಜೆಪಿಯ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಇದು ಸದನ ಎಷ್ಟು ಹಗುರಾಗಿದೆ ಎನ್ನುವುದಕ್ಕೆ ಸಾಕ್ಷಿ. ಸದನ ಹಗುರಾದಷ್ಟೂ ಊರಿನ ವೇದಿಕೆ ತೂಕದ್ದಾಗಿ ಕಾಣುತ್ತದೆ.

ಪರ ವಾದದ ಅಜ್ಜಿಯನ್ನೇ ತೆಗೆದುಕೊಳ್ಳೋಣ. ಅವಳ ಪಗಾರ ನಿಂತದ್ದು ಆಧಾರ್ ಜೋಡಣೆಯ ತೊಡಕಿಗೆ. ಅದೇ ತೊಡಕಿಗೆ ಸಿಕ್ಕಿಕೊಂಡವರು ಆ ತಾಲ್ಲೂಕಿನಲ್ಲಿ ಇನ್ನೆಷ್ಟು ಮಂದಿ? ನಡೆಯಲಾಗದವರು, ತೇರಿಗೆ ಬರದವರು, ಗನ್‌ಮ್ಯಾನ್ ಕೈಯನ್ನು ಸರಿಸುವ ಎದೆಗಾರಿಕೆ ಇಲ್ಲದವರು? ಇದನ್ನು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಹಾಕಿದರೆ ಕಂದಾಯ ಸಚಿವರು ತಾಲ್ಲೂಕುವಾರು ಅಂಕಿಅಂಶ ಕೊಟ್ಟು ಉತ್ತರಿಸಬೇಕಾಗುತ್ತದೆ, ಉತ್ತರ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಮತ್ತೆ ಕೇಳಬಹುದು. ಫೋನಿನಿಂದ ಒಬ್ಬಳ ಕೆಲಸವಾಗುತ್ತದೆ, ಶಾಸಕರಿಗೆ ಒಂದು ಕುಟುಂಬದ ಋಣ ಸಿಗುತ್ತದೆ. ಪ್ರಶ್ನೆಯಿಂದ ಸಾವಿರ ಜನರ ಕೆಲಸವಾಗುತ್ತದೆ, ಯಾರೂ ಅವರಿಗೆ ಕೈಮುಗಿಯುವುದಿಲ್ಲ. ಶಾಸಕರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಹೇಳಬೇಕಿಲ್ಲ.

ನೀರಿನ ವಾದ ಇದಕ್ಕಿಂತ ಗಟ್ಟಿಯಾದದ್ದು, ಒಪ್ಪುತ್ತೇನೆ. ಆದರೂ 2024ನ್ನು ನೆನಪಿಸಿಕೊಳ್ಳಿ. ಆ ಭೀಕರ ಬರದ ನಡುವೆಯೇ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂತು, ಜೂನ್ ಮೊದಲ ವಾರದವರೆಗೂ ಇತ್ತು. ಗುದ್ದಲಿ ಪೂಜೆ ಇಲ್ಲ, ಟ್ಯಾಂಕರಿಗೆ ಹಸಿರು ನಿಶಾನೆ ತೋರುವ ಫೋಟೊ ಇಲ್ಲ. ಕುಡಿಯುವ ನೀರಿನ ಕೆಲಸಕ್ಕೆ ಸಂಹಿತೆ ಅಡ್ಡಿಯಲ್ಲವಾದ್ದರಿಂದ ಜಿಲ್ಲಾಧಿಕಾರಿ, ತಹಶೀಲ್ದಾರ್, ಪಿಡಿಒಗಳೇ ಟ್ಯಾಂಕರ್ ಓಡಿಸಿದರು. ಕೊರತೆ ಇದ್ದೇ ಇತ್ತು. ಆದರೆ ವೇದಿಕೆ ಇಲ್ಲದೆಯೂ ನೀರು ಹೋಗುತ್ತದೆ ಎಂಬುದು ಗೊತ್ತಾಯಿತು.

ದುಡ್ಡಿನ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮದುವೆಗೆ ಹೋದರೆ ಮುಯ್ಯಿ, ಜಾತ್ರೆಗೆ ಹೋದರೆ ಅನ್ನಸಂತರ್ಪಣೆಗೆ ದೇಣಿಗೆ, ಪಂದ್ಯಾವಳಿಗೆ ಟ್ರೋಫಿ ಮತ್ತು ಮೊದಲ ಬಹುಮಾನ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತೇರನ್ನು ನೋಡಿದವರಿಗೆ ಗೊತ್ತು. ಫಾಲ್ಗುಣದ ಬಿಸಿಲಲ್ಲಿ ಜನ ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಿರುತ್ತಾರೆ, ಇತ್ತ ರಥ ಎಳೆಯುವ ಮುನ್ನ ದೇವರ ಧ್ವಜವಾದ ‘ಮುಕ್ತಿ ಬಾವುಟ’ದ ಹರಾಜು. ರಾಜಕಾರಣಿಗಳು ಪೈಪೋಟಿಯಲ್ಲಿ ಕೂಗುತ್ತಾರೆ, ಬೆಲೆ ಹತ್ತಾರು ಲಕ್ಷಕ್ಕೆ ಏರುತ್ತದೆ, ಪಡೆದವರ ಹೆಸರು ಮರುದಿನದ ಪತ್ರಿಕೆಯಲ್ಲಿ. ಹಣ ದೇವಸ್ಥಾನಕ್ಕೇ ಹೋಗುತ್ತದೆ, ಅದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ಆ ತೇರು ಯಾರ ಹೆಸರಿನದು? ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ, ಆ ಬರದ ಸೀಮೆಯಲ್ಲಿ ಜನರನ್ನು ಕೂಡಿಸಿ ಕೆರೆಗಳನ್ನು ಕಟ್ಟಿಸಿದ ತಿಪ್ಪೇರುದ್ರಸ್ವಾಮಿಯದು.

ವಿಧಾನಸಭಾ ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ಆಯೋಗ 40 ಲಕ್ಷ ರೂಪಾಯಿಯ ಮಿತಿ ಹಾಕಿದೆ. ಲೆಕ್ಕ ಶುರುವಾಗುವುದು ನಾಮಪತ್ರದ ದಿನದಿಂದ. ಅದಕ್ಕೂ ಮೊದಲ ನಾಲ್ಕು ಬೇಸಿಗೆಗಳ ಮುಯ್ಯಿ, ದೇಣಿಗೆ, ಟ್ರೋಫಿ ಯಾವ ವಹಿಯಲ್ಲೂ ಇಲ್ಲ. ಒಬ್ಬರು ಹತ್ತು ಸಾವಿರ ಕೊಟ್ಟರೆ ಟಿಕೆಟ್ ಆಕಾಂಕ್ಷಿ ಇನ್ನೊಬ್ಬರು ಇಪ್ಪತ್ತು ಕೊಡುತ್ತಾರೆ. ಇಷ್ಟೊಂದು ಮದುವೆಗಳಿಗೆ ಮುಯ್ಯಿ ಮಾಡಲಾಗದ ಶಾಲಾ ಶಿಕ್ಷಕಿ, ಸಣ್ಣ ರೈತ ಈ ಪಂದ್ಯಕ್ಕೆ ಇಳಿಯುವುದೇ ಇಲ್ಲ. ‘ನಮ್ಮ ಕಡೆ ಬರ್ಲೇ ಇಲ್ವಲ್ಲ ಸಾಹೇಬ್ರೇ’ ಎಂದು ಮುನಿಸಿಕೊಳ್ಳುವ ನಾವೂ ಇದಕ್ಕೆ ಹೊಣೆ.

ಸುದ್ದಿಯ ವಿಷಯದಲ್ಲಿ ‘ಇರಲಿ ಬಿಡಿ’ ಎನ್ನಲು ನನಗಾಗುವುದಿಲ್ಲ. ಯಾವುದಾದರೂ ಶಾಸಕರ ಫೇಸ್‌ಬುಕ್ ಪೇಜಿನಲ್ಲಿ ಮಾರ್ಚ್ ತಿಂಗಳೊಂದನ್ನು ಹಿಂದಕ್ಕೆ ಸರಿಸುತ್ತ ಹೋಗಿ. ಹಾರ, ಶಾಲು, ದೀಪ ಬೆಳಗಿಸುವುದು, ಹುಟ್ಟುಹಬ್ಬದ ಶುಭಾಶಯ, ಯಾರದೋ ಪುಣ್ಯಸ್ಮರಣೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಪ್ರತಿ ಶಾಸಕರ ಲೆಕ್ಕದಲ್ಲಿ ಇರುತ್ತದೆ, ಹಣ ಇರುವುದು ಜಿಲ್ಲಾಧಿಕಾರಿಯ ಬಳಿ. ಅದರಲ್ಲಿ ಈ ವರ್ಷ ಎಷ್ಟು ಸಮುದಾಯ ಭವನಕ್ಕೆ ಹೋಯಿತು, ಎಷ್ಟು ಶಾಲೆಯ ಕೊಠಡಿಗೆ, ಎಷ್ಟು ಖರ್ಚಾಗದೆ ಉಳಿಯಿತು? ಟಾಸ್ಕ್‌ಫೋರ್ಸ್ ಎಷ್ಟು ಸಲ ಸೇರಿತು, ಟ್ಯಾಂಕರ್ ಬಿಲ್ ಎಷ್ಟಾಯಿತು? ಸದನದಲ್ಲಿ ಯಾವ ಪ್ರಶ್ನೆ ಕೇಳಿದರು, ಏನು ಉತ್ತರ ಬಂತು? ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ, ಯುಗಾದಿಯೂ ಅದರ ಹಿಂದೆಮುಂದೆಯೇ ಬರುತ್ತದೆ. ಒಂದೇ ಒಂದು ಹಾಳೆಯಲ್ಲಿ ಇಷ್ಟನ್ನು ಅಚ್ಚು ಹಾಕಿಸಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲು ಒಂದು ಫ್ಲೆಕ್ಸಿನಷ್ಟೂ ಖರ್ಚಿಲ್ಲ. ಅಂದಹಾಗೆ, ಫೆಬ್ರುವರಿ, ಮಾರ್ಚಿನಲ್ಲೇ ಗುದ್ದಲಿ ಪೂಜೆಗಳ ಸುಗ್ಗಿ ಏಕೆ ಎಂದು ಗುತ್ತಿಗೆದಾರರನ್ನು ಕೇಳಿ. ಅನುದಾನ ಲ್ಯಾಪ್ಸ್ ಆಗುವ ಭಯವೆಂದು ಅವರು ಹೇಳುತ್ತಾರೆ, ಪಂಚಾಂಗದ ಹೆಸರು ಎತ್ತುವುದಿಲ್ಲ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಸದಸ್ಯರಿಲ್ಲ, ಆದ್ದರಿಂದ ಶಾಸಕರೇ ಗತಿ ಎಂಬ ವಾದವನ್ನು ನಾನು ತಿರುಗಿಸಿ ಕೇಳುತ್ತೇನೆ: ಆ ಕುರ್ಚಿಗಳು ಖಾಲಿ ಇದ್ದರೆ ಲಾಭ ಯಾರಿಗೆ? ತಾಲ್ಲೂಕಿನಲ್ಲಿ ಚುನಾಯಿತ ಸದಸ್ಯರು ಇದ್ದರೆ ಬೋರ್‌ವೆಲ್‌ಗೆ, ಚರಂಡಿಗೆ, ಅಂಗನವಾಡಿಯ ಚಾವಣಿಗೆ ಶಾಸಕರ ಹಿಂದೆ ಅಲೆಯಬೇಕಿಲ್ಲ. ಅನುದಾನ ಹಂಚುವ ಕೈ ಒಂದೇ ಇರುವುದಿಲ್ಲ, ಅರ್ಜಿ ಹಿಡಿದವರ ಸಾಲು ಒಂದೇ ಬಾಗಿಲಿಗೆ ನಿಲ್ಲುವುದಿಲ್ಲ. ಸರ್ಕಾರಗಳು ಬದಲಾದವು, ಈ ಚುನಾವಣೆಯನ್ನು ಮುಂದೂಡುವುದು ಬದಲಾಗಲಿಲ್ಲ. ಆಳುವವರು, ವಿರೋಧದವರು ಇಬ್ಬರ ಶಾಸಕರಿಗೂ ಇದರಲ್ಲಿ ನಷ್ಟವಿಲ್ಲ.