ಬಾಮೈದನ ಎಸ್ಟೇಟು, ನನ್ನ ಪ್ಲಗ್ ಪಾಯಿಂಟು

ಭಾನುವಾರ ಬೆಳಿಗ್ಗೆ ಎರಡನೇ ದೋಸೆ ತಟ್ಟೆಗೆ ಬೀಳುವ ಹೊತ್ತಿಗೆ ಅತ್ತೆಯವರ ಫೋನ್ ಬಂತು.

"ಅಳಿಯಂದ್ರೇ, ವಿಷಯ ಗೊತ್ತಾಯ್ತಾ? ಪುಟ್ಟನಿಗೆ ಕಂಪನಿಯವರು ಎಸ್ಟೇಟ್ ಕೊಡ್ತಾ ಇದಾರಂತೆ!"

ಪುಟ್ಟ ಅಂದರೆ ನನ್ನ ಬಾಮೈದ. ಆರಡಿ ಎರಡಂಗುಲ ಇದ್ದಾನೆ, ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸ. ಅತ್ತೆಯವರ ಊರು ಹಾಸನ. ಹಾಸನದವರಿಗೆ ಎಸ್ಟೇಟ್ ಅಂದರೆ ಒಂದೇ ಅರ್ಥ. ಸಕಲೇಶಪುರದ ಕಡೆ ಒಂದು ಗುಡ್ಡ, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಸರು ಮೆತ್ತಿದ ಜೀಪು, ಆಳು ಸಿಗಲ್ಲ ಅಂತ ಗೊಣಗುವ ಯಜಮಾನ. ಮಧ್ಯಾಹ್ನದ ಊಟದೊಳಗೆ ಸುದ್ದಿ ಬೇಲೂರು ದಾಟಿತ್ತು. ಅತ್ತೆಯವರ ಅಣ್ಣನಿಗೆ ಐದು ಎಕರೆ ಕಾಫಿ ತೋಟ ಇದೆ. ಅವರು ನೇರ ನನಗೇ ಫೋನ್ ಮಾಡಿದರು. "ಅರೇಬಿಕಾನೋ ರೊಬಸ್ಟಾನೋ? ಆ ಚಳೀಲಿ ರೊಬಸ್ಟಾ ಬರಲ್ಲ ಅಂತ ಹೇಳಿ ಅವನಿಗೆ. ದುಡುಕೋದು ಬೇಡ."

ರಾತ್ರಿ ಪುಟ್ಟನಿಗೆ ವಿಡಿಯೋ ಕಾಲ್ ಮಾಡಿದೆವು. "ಭಾವ, ಎಸ್ಟೇಟ್ ಅಂದ್ರೆ ಕಾರು" ಅಂತ ಹಣೆ ಚಚ್ಚಿಕೊಂಡ. ಸೆಡಾನ್ ಕಾರಿನ ಚಾವಣಿ ಹಿಂದುಗಡೆ ಇಳಿಜಾರಾಗುತ್ತದಲ್ಲ, ಅದನ್ನು ಇಳಿಯಲು ಬಿಡದೆ ಕೊನೆಯವರೆಗೂ ನೇರ ಎಳೆದರೆ ಅದು ಎಸ್ಟೇಟ್. ಅಮೆರಿಕದವರು ಸ್ಟೇಷನ್ ವ್ಯಾಗನ್ ಅನ್ನುತ್ತಾರೆ. ಹಳೇ ಮನೆಗೆ ಹಿತ್ತಲ ಕಡೆ ಒಂದು ರೂಮು ಸೇರಿಸಿದ ಹಾಗೆ. ಇವನ ಕಣ್ಣಿದ್ದದ್ದು ಸ್ಕೋಡಾ ಸೂಪರ್ಬ್ ಎಸ್ಟೇಟ್ ಮೇಲೆ, ಅದರಲ್ಲೂ ಪ್ಲಗ್-ಇನ್ ಹೈಬ್ರಿಡ್, ಅಂದರೆ ಪ್ಲಗ್ ಚುಚ್ಚಿ ಚಾರ್ಜ್ ಮಾಡಬಹುದಾದ, ಪೆಟ್ರೋಲಿನಲ್ಲೂ ಓಡುವ ಕಾರು. "ಡಿಕ್ಕಿ ಭಾರಿ ದೊಡ್ಡದು" ಅಂದ.

ಅದೇ ಕಾಲ್‌ನಲ್ಲಿದ್ದ ಅತ್ತೆಯವರಿಗೆ ನೆಟ್‌ವರ್ಕ್ ಸರಿ ಇರಲಿಲ್ಲ. ಅವರಿಗೆ ಕೇಳಿಸಿದ್ದು ಕಾರು, ಡಿಕ್ಕಿ, ಭಾರಿ ದೊಡ್ಡದು, ಇಷ್ಟೇ. "ಅಯ್ಯೋ ರಾಮ, ಯಾರಿಗೂ ಏನೂ ಆಗ್ಲಿಲ್ಲ ತಾನೇ?" ಅಂತ ಅಳುವುದಕ್ಕೇ ಶುರು ಮಾಡಿದರು. ಯಾರಿಗೂ ಏನೂ ಆಗಿಲ್ಲ ಅಂತ ಖಾತ್ರಿಯಾದ ಮೇಲೆ, ಎಸ್ಟೇಟ್ ಹೋಯಿತಲ್ಲ ಅಂತ ಇನ್ನೊಂದು ಸುತ್ತು ಅತ್ತರು.

ಪುಟ್ಟನ ಆಯ್ಕೆಯ ಹಿಂದೆ ದೊಡ್ಡ ಲೆಕ್ಕ ಇತ್ತು. ಅಲ್ಲಿ ಕಂಪನಿ ಕಾರಿಗೆ ನೌಕರ ತೆರಿಗೆ ಕಟ್ಟಬೇಕು. ಅದು ಕಾರು ಎಷ್ಟು ಹೊಗೆ ಬಿಡುತ್ತದೆ, ಬರೀ ಕರೆಂಟಿನಲ್ಲಿ ಎಷ್ಟು ದೂರ ಓಡುತ್ತದೆ ಅನ್ನುವುದರ ಮೇಲೆ ನಿಂತಿದೆ. 2024-25ರಲ್ಲಿ ಬ್ಯಾಟರಿಯಲ್ಲೇ 70ರಿಂದ 129 ಮೈಲಿ ಓಡುವ ಪ್ಲಗ್-ಇನ್ ಹೈಬ್ರಿಡ್ ಆದರೆ, ಕಾರಿನ ಬೆಲೆಯ ಶೇಕಡಾ 5ರಷ್ಟನ್ನು ಮಾತ್ರ ಆದಾಯ ಅಂತ ಹಿಡಿಯುತ್ತಿದ್ದರು. ಜಾಸ್ತಿ ಹೊಗೆ ಬಿಡುವ ಪೆಟ್ರೋಲ್ ಕಾರಾದರೆ ಶೇಕಡಾ 37. ಹದಿನಾಲ್ಕು ಕಾಲಮ್‌ಗಳ ಎಕ್ಸೆಲ್ ಶೀಟ್ ಮಾಡಿ ನನಗೂ ಕಳಿಸಿದ. ಬ್ಯಾಟರಿ ಇಟ್ಟಿದ್ದಕ್ಕೆ 690 ಲೀಟರ್ ಡಿಕ್ಕಿ 510ಕ್ಕೆ ಇಳಿಯುತ್ತದೆ ಅನ್ನುವುದಕ್ಕೂ ಒಂದು ಕಾಲಮ್ ಇತ್ತು. ಹುಡುಗಿ ನೋಡುವಾಗ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ ಆಸಾಮಿ.

ಇದೇ ಸಮಯಕ್ಕೆ ನನಗೂ ಪ್ರಮೋಷನ್ ಆಗಿ, ಬೇಕಾದರೆ ಕಂಪನಿ ಲೀಸ್‌ನಲ್ಲಿ ಕಾರು ತಗೊಳ್ಳಿ ಅಂತ ಮೇಲ್ ಬಂತು. ಹೆಂಡತಿ ಓದಿ, "ಪುಟ್ಟ ತಗೊಂಡಿದ್ದೇ ತಗೊಳ್ರೀ, ಅವನು ಎಲ್ಲಾ ನೋಡಿರ್ತಾನೆ" ಅಂದಳು. ನನಗೂ ಮನಸ್ಸಿನಲ್ಲಿ ಅದೇ ಇತ್ತು. ನೂರು ಕಿಲೋಮೀಟರಿಗೂ ಜಾಸ್ತಿ ಕರೆಂಟಿನಲ್ಲಿ, ಅದು ಮುಗಿದರೆ ಪೆಟ್ರೋಲಿನಲ್ಲಿ. ಯಾವುದನ್ನೂ ಬಿಟ್ಟುಕೊಡಬೇಕಾಗಿಲ್ಲ. ಹೋಟೆಲಿನಲ್ಲಿ ಖಾರಾಬಾತೋ ಕೇಸರಿಬಾತೋ ಅಂತ ನಿರ್ಧಾರ ಮಾಡಲಾಗದೆ ಇಪ್ಪತ್ತು ವರ್ಷದಿಂದ ಚೌಚೌ ಬಾತ್ ತಿನ್ನುತ್ತಿರುವವನು ನಾನು. ಈ ಕಾರು ನನಗಾಗಿಯೇ ಹುಟ್ಟಿದೆ ಅನ್ನಿಸಿತು.

ಅಪ್ಪನಿಗೆ ಮಾತ್ರ ಸಮಾಧಾನ ಇರಲಿಲ್ಲ. ಅವರು ಮಂಡ್ಯದಲ್ಲಿ ಕೃಷಿ ಇಲಾಖೆಯಲ್ಲಿದ್ದು ರಿಟೈರ್ ಆದವರು. ಹೈಬ್ರಿಡ್ ಅಂದ ತಕ್ಷಣ ಪೇಪರ್ ಮಡಿಚಿಟ್ಟರು.

"ಯಾವ್ ಯಾವ್ದು ಕೂಡಿಸಿರೋದು?"

"ಪೆಟ್ರೋಲು, ಕರೆಂಟು."

"ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಿಯಾ ರಾಗಿ, ಆಫ್ರಿಕಾ ರಾಗಿ ಕೂಡಿಸಿ ಇಂಡಾಫ್ ತಳಿ ಮಾಡಿದ್ರು. ಅದು ಕೂಡಿಸೋದು ಅಂದ್ರೆ. ಇಳುವರಿ ಹೆಂಗಿತ್ತು ಗೊತ್ತಾ? ಇದರದ್ದು ಇಳುವರಿ ಎಷ್ಟು?"

ಇಳುವರಿ ಅಂದರೆ ಮೈಲೇಜ್ ಇರಬೇಕು ಅಂದುಕೊಂಡು ಏನೋ ಒಂದು ಹೇಳಿದೆ. ಅವರು ಬಿಡಲಿಲ್ಲ. "ಹೈಬ್ರಿಡ್ ಜೋಳದ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತೋಕಾಗಲ್ಲ. ಮತ್ತೆ ಕಂಪನಿ ಬಾಗ್ಲಿಗೇ ಹೋಗ್ಬೇಕು. ನಿನ್ ಕಾರು?"

"ಇದೂ ಲೀಸು ಅಪ್ಪ. ನಾಲ್ಕು ವರ್ಷ ಆದ್ಮೇಲೆ ಕಂಪನಿಗೇ ವಾಪಸ್."

"ಹೇಳ್ಲಿಲ್ವಾ?" ಅಂದು ಪೇಪರ್ ಬಿಚ್ಚಿದರು. "ನಾಟಿ ಯಾವ್ದೂ ಸಿಗಲ್ವಂತಾ?"

ಪ್ಲಗ್-ಇನ್ ಅಂದ ಮೇಲೆ ಪ್ಲಗ್ ಬೇಕಲ್ಲ. ನಮ್ಮದು ಜೆ.ಪಿ. ನಗರದಲ್ಲಿ 24 ಮನೆಗಳ ಅಪಾರ್ಟ್‌ಮೆಂಟ್, ಕಾರು ನಿಲ್ಲುವುದು ಬೇಸ್‌ಮೆಂಟಿನಲ್ಲಿ. ನಾನು ಮಾಡಿದ ದೊಡ್ಡ ತಪ್ಪು ಅಂದರೆ ಕಾರಿಗಿಂತ ಮೊದಲು ಪ್ಲಗ್ ಪಾಯಿಂಟಿಗೆ ಅರ್ಜಿ ಹಾಕಿದ್ದು. ಹೆಣ್ಣು ಗೊತ್ತಾಗುವ ಮೊದಲೇ ಛತ್ರ ಬುಕ್ ಮಾಡಿದ ಹಾಗಾಯಿತು.

ಅಸೋಸಿಯೇಷನ್ ಮೀಟಿಂಗಿನ ಮೊದಲ ನಲವತ್ತು ನಿಮಿಷ ಎರಡನೇ ಮಹಡಿಯ ನಾಯಿಗೆ ಹೋಯಿತು. ಆಮೇಲೆ ಸಂಪ್ ತೊಳೆಸುವ ವಿಷಯ. ನನ್ನ ಸರದಿ ಬರುವಾಗ ಅರ್ಧ ಜನ ಬೋಂಡಾ ತಿಂದು ಎದ್ದು ಹೋಗಿದ್ದರು. ಉಳಿದವರಲ್ಲಿ ಮೂರನೇ ಮಹಡಿಯ ರಾಯರು ಇದ್ದರು. ರಿಟೈರ್ಡ್ ಎಂಜಿನಿಯರ್. ಯಾವುದೇ ವಿಷಯಕ್ಕೆ ಅವರ ಬಳಿ ಒಂದು ಫೈಲ್ ಇರುತ್ತದೆ.

"ನೋಡಿ, ಮೂರು ಕಿಲೋವ್ಯಾಟ್ ಎಳೆಯುತ್ತೆ ಇದು. 20 ಯೂನಿಟ್ ತುಂಬಕ್ಕೆ ಆರೇಳು ಗಂಟೆ. ಬೇಸ್‌ಮೆಂಟಲ್ಲಿ ಒಂದು ಗೀಸರ್ ರಾತ್ರಿ ಪೂರ್ತಿ ಆನ್ ಮಾಡಿ ಮಲಗಿದ ಹಾಗೆ. ಬೆಂಕಿ ಬಿದ್ರೆ?"

ಲೆಕ್ಕ ಸರಿಯಾಗಿಯೇ ಇತ್ತು, ಅದೇ ಕಷ್ಟ. ಮಳೆ ಬಂದರೆ ಬೇಸ್‌ಮೆಂಟಿಗೆ ನೀರು ನುಗ್ಗುತ್ತಲ್ಲ ಅಂತ ಇನ್ನೊಬ್ಬರು. ಇವತ್ತು ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅಂತ ಮತ್ತೊಬ್ಬರು. ಎಲ್ಲರೂ ಕೇಳಲಿ, ಎಲ್ಲರಿಗೂ ಕೊಡಿ ಅಂತ ನಾನು. ಹೀಗೆ ನಾಲ್ಕು ತಿಂಗಳಲ್ಲಿ ಮೂರು ಮೀಟಿಂಗ್. ಕೊನೆಗೆ ಷರತ್ತುಗಳ ಮೇಲೆ ಒಪ್ಪಿದರು. ಖರ್ಚೆಲ್ಲ ನನ್ನದು. ನನ್ನ ಹೆಸರಲ್ಲಿ ಸಬ್-ಮೀಟರ್. ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಟ್ ಮಾಡುವ ಪ್ರತ್ಯೇಕ ಎಂಸಿಬಿ ಸ್ವಿಚ್. ನೀರು ಮುಟ್ಟದ ಹಾಗೆ ನೆಲದಿಂದ ನಾಲ್ಕಡಿ ಮೇಲೆ 15 ಆಂಪ್ಸ್ ಸಾಕೆಟ್.

ಒಟ್ಟು 18,500 ರೂಪಾಯಿ ಆಯಿತು. "ಮೇಲೊಂದು ಬೀಗದ ಡಬ್ಬಿ ಹಾಕ್ಬಿಡ್ಲಾ ಸಾರ್? 600 ಆಗುತ್ತೆ" ಅಂತ ಎಲೆಕ್ಟ್ರಿಷಿಯನ್ ಕೇಳಿದ. ಬೇಡ ಅಂದೆ. ಕರೆಂಟನ್ನು ಯಾರು ಕದಿಯುತ್ತಾರೆ? ಹೆಂಡತಿ ಸಾಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದಳು. ಫೋಟೋ ತೆಗೆದು ಪುಟ್ಟನಿಗೆ ಕಳಿಸಿದೆ. ಹೆಬ್ಬೆರಳು ತೋರಿಸಿದ.

ಆಮೇಲೆ ನಾನು ಎಚ್‌ಆರ್ ಬಳಿ ಹೋದೆ. ಆ ಹುಡುಗಿ ಲ್ಯಾಪ್‌ಟಾಪಿನಲ್ಲಿ ಮೇಲಿಂದ ಕೆಳಗೆ ಎರಡು ಸಲ ನೋಡಿ, "ಪ್ಲಗ್-ಇನ್ ಹೈಬ್ರಿಡ್ ಲಿಸ್ಟಲ್ಲೇ ಇಲ್ಲ ಸರ್" ಅಂದಳು. ನನ್ನ ಮಿತಿ 22 ಲಕ್ಷ. ಇಲ್ಲಿ ಪ್ಲಗ್-ಇನ್ ಹೈಬ್ರಿಡ್ ಹುಡುಕಿದರೆ ಕಣ್ಣಿಗೆ ಬಿದ್ದದ್ದು ಬಿಎಂಡಬ್ಲ್ಯು ಎಕ್ಸ್‌ಎಂ. 2022ರಲ್ಲಿ ಬಂದಾಗಲೇ ಅದರ ಬೆಲೆ 2.60 ಕೋಟಿ. ಹೊಸಕೋಟೆಯಲ್ಲೇ ಕಾರು ಜೋಡಿಸುವ ವೋಲ್ವೋ ಒಂದು ಕಾಲದಲ್ಲಿ ಎಕ್ಸ್‌ಸಿ 90ರಲ್ಲಿ ಇಂಥದ್ದನ್ನು ಮಾರುತ್ತಿತ್ತು. ಅದೂ ಕೋಟಿಯ ಮಾತೇ.

ಸರಿ, ಪ್ಲಗ್ ಬೇಡ, ಎಸ್ಟೇಟ್ ಆದರೂ ಸಿಗಲಿ ಅಂದರೆ ಅದೂ ಇಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಆಮೇಲೆ ಬಲೆನೋ ಆಲ್ಟುರಾ, ಇಂಡಿಗೋ ಮರೀನಾ. ಒಂದಾದರೂ ಬೇರು ಬಿಡಲಿಲ್ಲ. ನನ್ನ ಪ್ರಕಾರ ಕಾರಣ ಸರಳ. ಹಿಂದೆ ಉದ್ದ ಇರುವ ಗಾಡಿ ನೋಡಿದರೆ ನಮ್ಮ ಜನಕ್ಕೆ ಆಂಬ್ಯುಲೆನ್ಸ್ ನೆನಪಾಗುತ್ತದೆ. ಮದುವೆ ಮನೆ ಮುಂದೆ ಅದನ್ನು ನಿಲ್ಲಿಸುವ ಧೈರ್ಯ ಯಾರಿಗಿದೆ? ಅದೇ ಡಿಕ್ಕಿಯನ್ನು ಅರ್ಧ ಅಡಿ ಎತ್ತರಿಸಿ ಎಸ್‌ಯುವಿ ಅನ್ನಿ, ಕ್ಯೂ ನಿಲ್ಲುತ್ತಾರೆ.

ಇಂಗ್ಲೆಂಡಿನಲ್ಲಿ ಹೊಗೆ ಅಳೆದರೆ, ನಮ್ಮಲ್ಲಿ ಆ ವರ್ಷ ಆದಾಯ ತೆರಿಗೆಯವರು ಅಳೆಯುತ್ತಿದ್ದದ್ದು ಎಂಜಿನ್ನಿನ ಗಾತ್ರ. ಆಫೀಸಿಗೂ ಮನೆಗೂ ಓಡಿಸುವ ಕಂಪನಿ ಕಾರಿನ ಎಂಜಿನ್ 1.6 ಲೀಟರ್ ಒಳಗಿದ್ದು, ಖರ್ಚು ಕಂಪನಿಯದಾದರೆ, ತಿಂಗಳಿಗೆ 1,800 ರೂಪಾಯಿ ನಮ್ಮ ಆದಾಯಕ್ಕೆ ಸೇರುತ್ತಿತ್ತು. ಅದು ದಾಟಿದರೆ 2,400. ಪ್ಲಗ್ ಇದೆಯಾ, ಡಿಕ್ಕಿ ಎಷ್ಟುದ್ದ, ಯಾರೂ ಕೇಳುತ್ತಿರಲಿಲ್ಲ. ಪುಟ್ಟನ ಹದಿನಾಲ್ಕು ಕಾಲಮ್‌ಗಳಲ್ಲಿ ಹದಿಮೂರು ದಂಡ.

ಹಾಗಿದ್ದರೆ ಎಲೆಕ್ಟ್ರಿಕ್ ಕಾರನ್ನೇ ತಗೋಬಹುದಿತ್ತಲ್ಲ ಅಂತ ಕೇಳುತ್ತೀರಿ. ಹೆಂಡತಿಯೂ ಕೇಳಿದಳು. ಆಗ ದೊಡ್ಡ ಹೈಬ್ರಿಡ್ ಕಾರಿಗೆ ಜಿಎಸ್‌ಟಿ, ಸೆಸ್ ಸೇರಿ ಶೇಕಡಾ 43, ಎಲೆಕ್ಟ್ರಿಕ್‌ಗೆ ಬರೀ 5. ಗೋಡೆ ಮೇಲೆ ಕುಂಕುಮ ಹಚ್ಚಿದ ಪ್ಲಗ್ ಬೇರೆ ಕಾಯುತ್ತಾ ಇತ್ತು. ಆದರೆ ನನಗೆ ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ, ಚಾರ್ಜ್ ಮುಗಿದು, ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಇಂಡಾಫ್ ರಾಗಿಯ ಕಥೆ ಹೇಳುತ್ತಿರುವ ಹಾಗೆ ಕನಸು ಬಿತ್ತು. ಮಾರನೇ ದಿನವೇ ಲಿಸ್ಟಿನಲ್ಲಿದ್ದ ಒಂದು ಸ್ಟ್ರಾಂಗ್ ಹೈಬ್ರಿಡ್‌ಗೆ ಸಹಿ ಹಾಕಿದೆ.

ಡೆಲಿವರಿ ದಿನ ಅಪ್ಪ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. "ಪ್ಲಗ್ ಎಲ್ಲಿ ಚುಚ್ಚೋದು?"

"ಇದಕ್ಕೆ ಚುಚ್ಚೋದೇ ಬೇಕಾಗಿಲ್ಲ ಅಂಕಲ್," ಅಂದ ಶೋರೂಮ್ ಹುಡುಗ, ಹೆಮ್ಮೆಯಿಂದ. "ಬ್ರೇಕ್ ಹಾಕಿದಾಗ ತಾನೇ ಚಾರ್ಜ್ ಆಗುತ್ತೆ. ಬೆಂಗಳೂರಲ್ಲಿ ಬ್ರೇಕಿಗೇನು ಬರ ಹೇಳಿ."

ಅಪ್ಪ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕಾರೇನೋ ಒಳ್ಳೆಯದೇ. ಸಿಲ್ಕ್ ಬೋರ್ಡಿನಲ್ಲಿ ಎಲ್ಲ ಗಾಡಿಗಳೂ ಗುರುಗುಟ್ಟುತ್ತಿರುವಾಗ ಇದೊಂದು ಧ್ಯಾನಕ್ಕೆ ಕೂತಂತೆ ಇರುತ್ತದೆ. ಎಂಜಿನ್ ಬಂದ್, ಮೋಟಾರಿನಲ್ಲಿ ಇಷ್ಟಿಷ್ಟೇ ಮುಂದೆ. ಎಷ್ಟು ನಿಶ್ಶಬ್ದ ಅಂದರೆ ಅದು ಆನ್ ಇದೆಯೋ ಆಫ್ ಇದೆಯೋ ಗೊತ್ತಾಗುವುದಿಲ್ಲ. ತೊಂದರೆ ಆದದ್ದು ಅಲ್ಲೇ.

ಒಂದು ರಾತ್ರಿ ಫೋನಿನಲ್ಲಿ ಮಾತಾಡುತ್ತಾ ಬಂದು ಕಾರು ನಿಲ್ಲಿಸಿ, ಇಳಿದು, ಮನೆಗೆ ಹೋಗಿ ಮಲಗಿದೆ. ಆಫ್ ಮಾಡಿರಲಿಲ್ಲ. ಪೀಂ ಪೀಂ ಅಂತ ಹೇಳಿತ್ತಂತೆ, ನನ್ನ ಕಿವಿಯಲ್ಲಿ ಇಯರ್‌ಫೋನ್. ರಾತ್ರಿ ಎರಡು ಗಂಟೆಗೆ ಇಂಟರ್‌ಕಾಮ್ ಬಡಿದುಕೊಂಡಿತು. ನಮ್ಮ ವಾಚ್‌ಮನ್ ಬಾಗಲಕೋಟೆ ಕಡೆಯವನು, ಹಾವು ಕಂಡರೂ ಹೆದರುವುದಿಲ್ಲ. ಅವತ್ತು ಅವನ ದನಿ ನಡುಗುತ್ತಿತ್ತು.

"ಸಾಹೇಬ್ರ, ನಿಮ್ಮ ಗಾಡಿ ತಾನ ಚಾಲೂ ಆಗಾಕತ್ತೈತ್ರೀ. ತಾನ ಬಂದ್ ಆಗತೈತಿ. ಮತ್ತ ಚಾಲೂ ಆಗತೈತಿ. ಒಳಗ ಯಾರೂ ಇಲ್ರೀ!"

ಬ್ಯಾಟರಿ ಇಳಿದಾಗೆಲ್ಲ ಅದು ತನ್ನ ಪಾಡಿಗೆ ಎಂಜಿನ್ ಚಾಲೂ ಮಾಡಿ, ತುಂಬಿಸಿಕೊಂಡು, ಸುಮ್ಮನಾಗುತ್ತಿತ್ತು ಅಷ್ಟೇ. ಪಂಚೆ ಕಟ್ಟಿಕೊಂಡು ಓಡಿದೆ. ವಾಚ್‌ಮನ್ ದೂರದಲ್ಲಿ ಕೋಲು ಹಿಡಿದು ನಿಂತಿದ್ದ. ನಾನು ಆಫ್ ಮಾಡಿ ಎಲ್ಲ ವಿವರಿಸಿದೆ. ಅವನು ತಲೆಯಾಡಿಸಿದ, ನಂಬಲಿಲ್ಲ. ಬೆಳಿಗ್ಗೆ ನೋಡಿದರೆ ಬಾನೆಟ್ಟಿನ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ ದೊಡ್ಡದಾಗಿ 'ನಾಳೆ ಬಾ' ಅಂತ ಬರೆದಿದ್ದರು.

ಡಿಸೆಂಬರ್‌ನಲ್ಲಿ ಪುಟ್ಟ ಬಂದ. ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಸಾಕೆಟ್ ತೋರಿಸಿದೆ. ಮುಟ್ಟಿ ಮುಟ್ಟಿ ನೋಡಿದ. "ಅದೃಷ್ಟವಂತರು ಭಾವ. ನಮ್ ಫ್ಲಾಟಲ್ಲಿ ಪಾರ್ಕಿಂಗೇ ಇಲ್ಲ, ಬೀದೀಲಿ ನಿಲ್ಸೋದು. ಮೂರನೇ ಮಹಡಿಯಿಂದ ವೈರ್ ಬಿಡೋಕಾಗುತ್ತಾ?"

"ಹಾಗಾದ್ರೆ ಚಾರ್ಜ್ ಹೆಂಗ್ ಮಾಡ್ತೀಯ?"

"ಮಾಡಲ್ಲ. ಕೇಬಲ್ ಇನ್ನೂ ಚೀಲದಲ್ಲೇ ಇದೆ. ಪೆಟ್ರೋಲಲ್ಲೇ ಓಡಿಸ್ತೀನಿ. ಟ್ಯಾಕ್ಸ್ ಕಮ್ಮಿ ಅಲ್ವಾ, ಅದಕ್ಕೆ ತಗೊಂಡಿದ್ದು."

ಇವನೊಬ್ಬನೇ ಅಲ್ಲ ಬಿಡಿ. ಯುರೋಪಿಯನ್ ಕಮಿಷನ್ 2024ರಲ್ಲಿ ಲೆಕ್ಕ ತೆಗೆದಾಗ, ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆ ಮೇಲೆ ಬಿಡುವ ಇಂಗಾಲದ ಡೈಆಕ್ಸೈಡ್ ಲ್ಯಾಬಿನಲ್ಲಿ ತೋರಿಸಿದ್ದಕ್ಕಿಂತ ಸುಮಾರು ಮೂರೂವರೆ ಪಟ್ಟು ಜಾಸ್ತಿ ಇತ್ತು. ಅಂಥ ಚೀಲಗಳು ಎಷ್ಟಿವೆಯೋ. ಬ್ರಿಟನ್ ಸರ್ಕಾರ ಆಗ ಶೇಕಡಾ 5 ಇದ್ದದ್ದನ್ನು 2028ರ ಏಪ್ರಿಲ್‌ನಿಂದ 18 ಮಾಡುತ್ತದಂತೆ. ಪುಟ್ಟ ಈಗ ಹೊಸ ಎಕ್ಸೆಲ್ ಶೀಟ್ ಶುರು ಮಾಡಿದ್ದಾನೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆವು. ಮುದ್ದೆ ಮುರಿಯುತ್ತಾ ಯೋಚನೆ ಮಾಡಿದರು. "ಅಲ್ಲಿಗೆ ಬೋರ್‌ವೆಲ್ ಇವನ ಹೊಲದಲ್ಲಿ, ಬೆಳೆ ಅವನ ಹೊಲದಲ್ಲಿ. ಹುಳಿ ಬಡಿಸಮ್ಮ."

ಜನವರಿಯಲ್ಲಿ ಅಸೋಸಿಯೇಷನ್ ನೋಟಿಸ್ ಬೋರ್ಡಿನಲ್ಲಿ ನನ್ನ ಫ್ಲಾಟ್ ನಂಬರ್ ಕೆಂಪು ಶಾಯಿಯಲ್ಲಿತ್ತು. ಸಬ್-ಮೀಟರ್ ಬಾಕಿ, 163 ಯೂನಿಟ್. ನನ್ನ ಕಾರಿಗೆ ಪ್ಲಗ್ಗೇ ಇಲ್ಲ! ಅವತ್ತು ರಾತ್ರಿ ಹನ್ನೊಂದಕ್ಕೆ ಸದ್ದಿಲ್ಲದೆ ಬೇಸ್‌ಮೆಂಟಿಗೆ ಇಳಿದೆ. ಕುಂಕುಮ ಮಾಸಿದ ನನ್ನ ಸಾಕೆಟ್ಟಿನಿಂದ ಒಂದು ಕಪ್ಪು ವೈರು ಇಳಿದು, ಕಂಬ ಸುತ್ತಿ, ಹೊಚ್ಚ ಹೊಸ ಎಲೆಕ್ಟ್ರಿಕ್ ಸ್ಕೂಟರ್‌ಗೆ ಸೇರಿತ್ತು. ಪಕ್ಕದಲ್ಲಿ ಬನಿಯನ್ ಹಾಕಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದು ಮೂರನೇ ಮಹಡಿಯ ರಾಯರು ನಿಂತಿದ್ದರು.

"ನಿಮ್ದು ಹೈಬ್ರಿಡ್ ಅಲ್ವಾ, ಸುಮ್ನೆ ಖಾಲಿ ಬಿದ್ದಿತ್ತು" ಅಂದರು. ಆಮೇಲೆ ಸಾಕೆಟ್ಟನ್ನು ಟಾರ್ಚಿನಲ್ಲಿ ಒಮ್ಮೆ ನೋಡಿ, ನನ್ನ ಮೇಲೇ ಗದರಿದರು. "ಇದಕ್ಕೊಂದು ಬೀಗದ ಡಬ್ಬಿ ಹಾಕ್ಸಬಾರ್ದೇನ್ರೀ? ಯಾರಾದ್ರೂ ಬಂದು ಚುಚ್ಚಿಬಿಟ್ರೆ?"